ನೋಡದೆ ಇಟ್ಟ ಹೆಸರು

ಮಲದೊಡನೆ ರಕ್ತ ಕಂಡಿತೆಂದು ಒಬ್ಬಾತನು, ಬಾಗಿಲ ಕಡೆಗೊಮ್ಮೆ ನೋಡಿಕೊಂಡು, ಮೆಲುದನಿಯಲ್ಲಿ ತನ್ನ ಆಪ್ತನ ಕಿವಿಯಲ್ಲಿ ಹೇಳಿದನೆನ್ನಿ. ಆ ಆಪ್ತನು ವೈದ್ಯವನ್ನು ಓದಿದವನಾಗಿರಲಿ ಓದದವನಾಗಿರಲಿ, ಹಳ್ಳಿಯ ಜಮೀನುದಾರನಾಗಿರಲಿ ಪಟ್ಟಣದ ಬ್ಯಾಂಕಿನ ಗುಮಾಸ್ತನಾಗಿರಲಿ, ಕ್ಷಣಮಾತ್ರವೂ ಯೋಚಿಸದೆ ಕೊಡುವ ಉತ್ತರವೊಂದುಂಟು: "ಮೂಲವ್ಯಾಧಿ ಕಣಯ್ಯ. ಉಷ್ಣ ಆಗಿದೆ. ಮಜ್ಜಿಗೆ ಕುಡಿ." ಜಾತಕದ ವಿಷಯದಲ್ಲಿ ಇಬ್ಬರು ಜೋಯಿಸರು ಒಮ್ಮತಕ್ಕೆ ಬಾರರು, ಗದ್ದೆಯ ಬದುವಿನ ವಿಷಯದಲ್ಲಿ ಒಡಹುಟ್ಟಿದವರು ಒಪ್ಪರು, ಆದರೆ ಈ ಒಂದು ವಿಷಯದಲ್ಲಿ ಮಾತ್ರ ಪಂಡಿತರೂ ಪಾಮರರೂ, ಮನೆಯ ಅಜ್ಜಿಯೂ ಔಷಧದಂಗಡಿಯವನೂ, ಬಸ್ ನಿಲ್ದಾಣದ ಗೋಡೆಯ ಮೇಲೆ 'ಆಪರೇಷನ್ ಇಲ್ಲದೆ ಗುಣ' ಎಂದು ನೀಲಿ ಅಕ್ಷರಗಳಲ್ಲಿ ಬರೆಸುವವನೂ, ಕೆಲವೊಮ್ಮೆ ಎಂ.ಬಿ.ಬಿ.ಎಸ್. ಮುಗಿಸಿದವರೂ ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಮಾತನ್ನಾಡುತ್ತಾರೆ. ಇಂಥ ಸರ್ವಸಮ್ಮತಿಯನ್ನು ಕಂಡರೆ ನನಗೆ ಭಯವಾಗುತ್ತದೆ. ಹೀಗೆ ತೀರ್ಪು ಕೊಟ್ಟ ಇಷ್ಟು ಜನರಲ್ಲಿ ಆ ಸ್ಥಳವನ್ನು ಕಣ್ಣಿಟ್ಟು ನೋಡಿದವನು ಒಬ್ಬನೂ ಇರುವುದಿಲ್ಲ.

ತೀರ್ಪು ಬಹುಪಾಲು ಸರಿಯಾಗಿಯೇ ಇರುತ್ತದೆಂಬುದನ್ನು ಮೊದಲೇ ಒಪ್ಪಿಬಿಡುತ್ತೇನೆ. ಮೂಲವ್ಯಾಧಿ ಬಲು ಸಾಮಾನ್ಯವಾದ ಬೇನೆ. ರಕ್ತ ಕಂಡವರಲ್ಲಿ ಹೆಚ್ಚಿನವರಿಗೆ ಇರುವುದು ಅದೇ. ಆದರೆ ಆಷಾಢಮಾಸದಲ್ಲಿ ಆಗುಂಬೆಯ ಘಟ್ಟದ ಮೇಲೆ ನಿಂತು ಇಂದು ಮಳೆ ಬರುವುದೆಂದು ಭವಿಷ್ಯ ನುಡಿದವನನ್ನು ನಾವು ಜ್ಯೋತಿಷಿಯೆಂದು ಕರೆಯುವುದಿಲ್ಲವಷ್ಟೆ. ಸರಿಯಾಗಿ ಹೇಳುವುದು ಬೇರೆ, ತಿಳಿದು ಹೇಳುವುದು ಬೇರೆ. ತಿಳಿಯದೆ ಸರಿಯಾಗಿ ಹೇಳಿದ ನೂರು ಮಾತುಗಳು ತಿಳಿಯದೆ ತಪ್ಪಾಗಿ ಹೇಳಿದ ಒಂದು ಮಾತಿಗೆ ಮರ್ಯಾದೆಯನ್ನು ತಂದುಕೊಡುತ್ತವೆ. ಆ ಮರ್ಯಾದೆಯೇ ಇಲ್ಲಿ ಅನರ್ಥದ ಬೀಜ.

ಆ ಒಂದು ತಪ್ಪು ಮಾತಿನ ಹಿಂದೆ ಅಡಗಿ ಕುಳಿತಿರುವುದು ಯಾವುದು? ವೈದ್ಯರು ಅದನ್ನು ಪಾಲಿಪ್ ಎನ್ನುತ್ತಾರೆ. ರೋಗಿಗೆ ತಿಳಿಯುವಂತೆ ಹೇಳಬೇಕಾದಾಗ ಕರುಳಿನಲ್ಲಿ ದುರ್ಮಾಂಸ ಬೆಳೆದಿದೆ ಎನ್ನುತ್ತಾರೆ. ಮೂಗಿನಲ್ಲಿ ದುರ್ಮಾಂಸ ಬೆಳೆಯುವುದನ್ನು ಕೇಳಿದ್ದ ನಮ್ಮ ಜನಕ್ಕೆ ಕರುಳಿನೊಳಗೂ ಅಂಥದೊಂದು ಮೊಳೆಯಬಹುದೆಂದರೆ ಮೊದಲು ನಂಬಿಕೆ ಹುಟ್ಟುವುದಿಲ್ಲ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರು ಉದ್ದದ ನಾಳ. ಅದರ ಒಳಪದರದ ಜೀವಕಣಗಳು ನಾಲ್ಕೈದು ದಿನಗಳಿಗೊಮ್ಮೆ ಹಳೆಯವು ಉದುರಿ ಹೊಸವು ಹುಟ್ಟುತ್ತ, ಎಂದೆಂದೂ ಮುಗಿಯದ ಗಾರೆಕೆಲಸದಂತೆ ನವೀಕರಣಗೊಳ್ಳುತ್ತಿರುತ್ತವೆ. ಇಷ್ಟು ತ್ವರೆಯಲ್ಲಿ ನಡೆಯುವ ಕೆಲಸದಲ್ಲಿ ಎಲ್ಲಿಯೋ ಒಂದೆಡೆ, ನಿಲ್ಲಬೇಕಾದ ಕಣವು ನಿಲ್ಲುವುದನ್ನು ಮರೆತು ಬೆಳೆಯತೊಡಗಿದರೆ, ಮೊದಲು ಸಾಸಿವೆಯಷ್ಟು, ಬಳಿಕ ತೊಗರಿಬೇಳೆಯಷ್ಟು, ಕೆಲವು ವರ್ಷಗಳ ತರುವಾಯ ತೊಟ್ಟಿನ ಮೇಲೆ ತೂಗುವ ನೇರಳೆಹಣ್ಣಿನಷ್ಟು ದಪ್ಪದ ಗಂಟೊಂದು ನಾಳದೊಳಕ್ಕೆ ಚಾಚಿಕೊಳ್ಳುತ್ತದೆ. ಕೆಲವಕ್ಕೆ ತೊಟ್ಟಿಲ್ಲ, ಅವು ಗೋಡೆಗೆ ಅಂಟಿದ ಹಾವಸೆಯಂತೆ ಚಪ್ಪಟೆಯಾಗಿ ಹರಡಿಕೊಂಡು ಪರೀಕ್ಷಕನ ಕಣ್ಣನ್ನೂ ವಂಚಿಸುತ್ತವೆ.

ಎಲ್ಲ ಪಾಲಿಪುಗಳೂ ಒಂದೇ ಜಾತಿಯವಲ್ಲ. ಗುದನಾಳದ ಕೊನೆಯಲ್ಲಿ ಕಾಣುವ ಸಣ್ಣ ಹೈಪರ್‌ಪ್ಲಾಸ್ಟಿಕ್ ಪಾಲಿಪುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಅಡೆನೋಮಾ ಎಂಬ ಜಾತಿ ಮಾತ್ರ ಬೇರೆ. ಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲು, ಒಂದು ಕಾಲದಲ್ಲಿ, ಈ ಅಡೆನೋಮಾ ಆಗಿದ್ದವೇ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ಕತ್ಬರ್ಟ್ ಡ್ಯೂಕ್ಸನೂ ಅವನ ಅನಂತರ ಬೇಸಿಲ್ ಮಾರ್ಸನ್ನನೂ ಕತ್ತರಿಸಿ ತೆಗೆದ ಕರುಳುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ದಶಕಗಳ ಕಾಲ ನೋಡಿ, ಸಾಧುವಾದ ಗಂಟು ಮೆಲ್ಲಮೆಲ್ಲನೆ ಕ್ರೂರವಾಗುವ ಮಾರ್ಗವನ್ನು ಗುರುತಿಸಿದರು. 1990ರಲ್ಲಿ ಫಿಯರನ್ ಮತ್ತು ವೋಗೆಲ್‌ಸ್ಟೀನ್ ಎಂಬಿಬ್ಬರು ಅಮೆರಿಕದ ವಿಜ್ಞಾನಿಗಳು ಆ ಮಾರ್ಗದ ಒಂದೊಂದು ಮೆಟ್ಟಿಲಿನಲ್ಲಿಯೂ ಯಾವ ವಂಶವಾಹಿ ಕೆಡುತ್ತದೆಂಬುದನ್ನು ಹೇಳಿದರು: ಎಪಿಸಿ ಎಂಬುದು ಮೊದಲು, ಕೆ-ರಾಸ್ ಎಂಬುದು ನಡುವೆ, ಪಿ-53 ಎಂಬುದು ಕೊನೆಯ ಹತ್ತಿರ. ನಮ್ಮ ಪ್ರಕೃತ ವಾದಕ್ಕೆ ಈ ಹೆಸರುಗಳಿಗಿಂತ ಮುಖ್ಯವಾದುದು ಅವಧಿ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಮಿಕ್ಕ ಕಾಲ ಹಿಡಿಯುತ್ತದೆ. ಮನುಷ್ಯನ ಮೇಲೆರಗುವ ಮೃತ್ಯುಗಳಲ್ಲಿ ಇಷ್ಟು ದೀರ್ಘವಾದ ನೋಟೀಸು ಕೊಟ್ಟು ಬರುವಂಥವು ವಿರಳ. ಹಾಗೆ ಹತ್ತು ವರ್ಷ ಬಾಗಿಲಲ್ಲಿ ಕಾಯುವ ಅಮೀನನಿಗೆ, ಮನೆಯ ಯಜಮಾನನು ಒಳಗಿಂದಲೇ, ಬಾಗಿಲು ತೆರೆಯದೆಯೇ, "ಹಾಲಿನವನಿರಬೇಕು" ಎಂದು ಹೇಳುತ್ತ ಕುಳಿತಂತೆ ನಮ್ಮ ಮೂಲವ್ಯಾಧಿಯ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಊರುಗೋಲಾಗಿ ನಿಂತಿರುವ ಇನ್ನೊಂದು ನಂಬಿಕೆಯೆಂದರೆ, ನೋವಿಲ್ಲದ್ದು ರೋಗವಲ್ಲ ಎಂಬುದು. "ನೋವೇನೂ ಇಲ್ಲ, ಹಾಗಾದರೆ ಹೆದರಬೇಡ" ಎಂದು ಸಮಾಧಾನ ಹೇಳುವವರು ಶರೀರರಚನೆಯನ್ನು ತಲೆಕೆಳಗಾಗಿ ಹಿಡಿದಿದ್ದಾರೆ. ಗುದದ್ವಾರದಿಂದ ಎರಡು ಮೂರು ಸೆಂಟಿಮೀಟರು ಒಳಗೆ ಗರಗಸದ ಹಲ್ಲಿನಂತಹ ಗೆರೆಯೊಂದಿದೆ. ಅದರ ಕೆಳಗಿನ ಭಾಗಕ್ಕೆ ಚರ್ಮದಂತೆಯೇ ತೀಕ್ಷ್ಣವಾದ ಸಂವೇದನೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮನುಷ್ಯನು ಕುಳಿತಲ್ಲಿ ಕುಳಿತಿರಲಾರನು. ಅದರ ಮೇಲಿನ ಕರುಳಾದರೋ ಉಬ್ಬಿದರೆ ಎಳೆದರೆ ನೋಯುತ್ತದೆಯೇ ವಿನಾ ಕತ್ತರಿಸಿದರೂ ಸುಟ್ಟರೂ ಅದಕ್ಕೆ ಅರಿವಾಗದು. ಪಾಲಿಪನ್ನು ತಂತಿಯ ಕುಣಿಕೆಯಿಂದ ಬಿಗಿದು ವಿದ್ಯುತ್ತಿನಿಂದ ಕೊಯ್ದು ತೆಗೆಯುವಾಗ ರೋಗಿಗೆ ಆ ಜಾಗದಲ್ಲಿ ಏನೂ ತಿಳಿಯದಿರುವುದಕ್ಕೆ ಕಾರಣ ಇದೇ. ಎಂದಮೇಲೆ ನೋವು ಬಹುಮಟ್ಟಿಗೆ ಕೆಳಗಿನ ಕ್ಷುದ್ರ ಬೇನೆಗಳ ಭಾಷೆ. ಮೇಲಿನ ಘೋರವಾದುದು ಮೌನವಾಗಿಯೇ ಬೆಳೆಯುತ್ತದೆ. ಬಲಗಡೆಯ ಕರುಳಿನಲ್ಲಿ ಬೆಳೆದ ಗಂಟಿನಿಂದ ಒಸರುವ ರಕ್ತವಂತೂ ಕಣ್ಣಿಗೂ ಕಾಣಿಸದೆ ಮಲದಲ್ಲಿ ಬೆರೆತುಹೋಗಿ, ಕಡೆಗೊಂದು ದಿನ ಮೆಟ್ಟಿಲು ಹತ್ತುವಾಗಿನ ಏದುಸಿರಾಗಿ, ಬಿಳಿಚಿದ ಉಗುರಾಗಿ ಹೊರಬೀಳುತ್ತದೆ. ಆಗಲೂ ನಾವು 'ರಕ್ತ ಕಡಿಮೆ' ಎಂದು ಟಾನಿಕ್ಕು ತರಿಸುತ್ತೇವೆ. ರಕ್ತ ಎಲ್ಲಿ ಹೋಯಿತೆಂದು ಕೇಳುವುದಿಲ್ಲ. ತಿಜೋರಿಯಲ್ಲಿ ಹಣ ಕಡಿಮೆಯಾದರೆ ಮನೆಮಂದಿಯನ್ನೆಲ್ಲ ವಿಚಾರಣೆಗೆ ನಿಲ್ಲಿಸುವ ಯಜಮಾನನು ಮೈಯಲ್ಲಿ ರಕ್ತ ಕಡಿಮೆಯಾದಾಗ ತೋರುವ ಈ ಔದಾರ್ಯ ಆಶ್ಚರ್ಯಕರವಾದುದು.

ನನ್ನ ಸೋದರಮಾವ ತೀರ್ಥಹಳ್ಳಿಯ ಕಡೆಯ ಅಡಿಕೆ ಬೆಳೆಗಾರರು. ಐವತ್ತೆಂಟರ ವಯಸ್ಸಿನಲ್ಲಿ ಅವರಿಗೆ ರಕ್ತ ಕಾಣಿಸತೊಡಗಿತು. ಸುವರ್ಣಗೆಡ್ಡೆಯ ಪಲ್ಯ, ಬಾಳೆದಿಂಡಿನ ರಸ, ಮುಟ್ಟಿದರೆ ಮುನಿಯ ಬೇರಿನ ಕಷಾಯ, ಇವೆಲ್ಲವೂ ಕ್ರಮವಾಗಿ ನಡೆದುವು. ರಕ್ತವು ಕೆಲವು ತಿಂಗಳು ನಿಲ್ಲುತ್ತಿತ್ತು. ನಿಂತಾಗ ಕಷಾಯಕ್ಕೆ ಕೀರ್ತಿ, ಮತ್ತೆ ಬಂದಾಗ ಪಥ್ಯ ತಪ್ಪಿದ ರೋಗಿಗೆ ಅಪಕೀರ್ತಿ. ದುರ್ಮಾಂಸದಿಂದ ಬರುವ ರಕ್ತವು ತಾನಾಗಿಯೇ ನಿಂತು ತಾನಾಗಿಯೇ ಬರುವುದೆಂದು ಯಾರೂ ಹೇಳಲಿಲ್ಲ. ಪೇಟೆಯ ವೈದ್ಯರೊಬ್ಬರಿಗೂ ತೋರಿಸಿದ್ದಾಯಿತು. ಅವರು ಮೇಜಿನ ಆಚೆಯಿಂದಲೇ ಕೇಳಿ, ಕುರ್ಚಿಯಿಂದ ಏಳದೆಯೇ ಪೈಲ್ಸ್ ಎಂದು ಬರೆದು, ಮುಲಾಮೊಂದನ್ನು ಕೊಟ್ಟು ಕಳಿಸಿದರು. ಮೂರು ವರ್ಷಗಳ ತರುವಾಯ ಕರಾವಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯರು ಕೈಗವಸು ತೊಟ್ಟು ಬೆರಳಿನಿಂದ ಮುಟ್ಟಿದೊಡನೆಯೇ ಗಂಟು ಸಿಕ್ಕಿತು. ಅರ್ಧ ನಿಮಿಷವೂ ಬೇಕಾಗಲಿಲ್ಲ. ಬೆರಳಿಗೆ ಎಟುಕುವಷ್ಟು ದೂರದಲ್ಲಿ ಅದು ಮೂರು ವರ್ಷ ಕುಳಿತಿದ್ದಿತು. ಎಟುಕಿಸಲು ಹೊರಟ ಬೆರಳೊಂದಿರಲಿಲ್ಲ. ಅಷ್ಟು ಹೊತ್ತಿಗೆ ಅದು ಪಾಲಿಪ್ ಆಗಿ ಉಳಿದಿರಲಿಲ್ಲ, ಯಕೃತ್ತಿಗೂ ಹರಡಿದ್ದಿತು. ಮಾವ ಅರವತ್ತೆರಡು ತುಂಬುವ ಮೊದಲೇ ತೀರಿಕೊಂಡರು. ಊರಿನಲ್ಲಿ ಇಂದಿಗೂ ಜನ ಆಡಿಕೊಳ್ಳುವುದು 'ಪಾಪ, ಮೂಲವ್ಯಾಧಿ ಕ್ಯಾನ್ಸರಿಗೆ ತಿರುಗಿತು' ಎಂದು. ಮೂಲವ್ಯಾಧಿ ಕ್ಯಾನ್ಸರಿಗೆ ತಿರುಗುವುದಿಲ್ಲ. ಅದು ಉಬ್ಬಿದ ರಕ್ತನಾಳಗಳ ಮೆತ್ತೆ. ತಿರುಗಿದ್ದು ಬೇರೊಂದು, ಅದಕ್ಕೆ ಅಂಟಿಸಿದ್ದ ಹೆಸರು ಮಾತ್ರ ಮೂಲವ್ಯಾಧಿಯದು. ಸತ್ತ ಮೇಲೂ ಆ ಹೆಸರನ್ನು ಕೀಳಲು ನಮ್ಮವರಿಗೆ ಮನಸ್ಸಿಲ್ಲ.

ಈ ಮಾತುಗಳನ್ನು ಹೇಳಿದಾಗಲೆಲ್ಲ ನನ್ನನ್ನು ಎದುರಿಸುವವರಲ್ಲಿ ಮೊದಲನೆಯ ಪಂಗಡ ಸಂಪ್ರದಾಯದ ಅಭಿಮಾನಿಗಳದು. ನಮ್ಮ ಪೂರ್ವಿಕರು ಇವನ್ನೆಲ್ಲ ಕಷಾಯ ಪಥ್ಯಗಳಿಂದಲೇ ಗುಣಪಡಿಸಿಕೊಳ್ಳುತ್ತಿದ್ದರು, ನಾಳದೊಳಗೆ ದುರ್ಬೀನು ತೂರಿಸುವ ಈ ಜುಗುಪ್ಸಾಕರವಾದ ವಿದ್ಯೆ ವಿಲಾಯಿತಿಯದು, ಎಂಬುದು ಅವರ ವಾದ. ಅವರಲ್ಲಿ ಎಷ್ಟು ಜನ ಸುಶ್ರುತಸಂಹಿತೆಯನ್ನು ತೆರೆದು ನೋಡಿದ್ದಾರೋ ನಾನರಿಯೆ. ಅರ್ಶಸ್ಸು ಎಂಬ ಮೂಲವ್ಯಾಧಿಯನ್ನು ಸುಶ್ರುತನು ಎಂಟು ಮಹಾರೋಗಗಳಲ್ಲಿ ಒಂದೆಂದು ಎಣಿಸುತ್ತಾನೆ. ಮಜ್ಜಿಗೆ ಕುಡಿದು ಮರೆಯತಕ್ಕ ಬೇನೆಯೆಂದು ಅವನೆಲ್ಲಿಯೂ ತಿಳಿದಿಲ್ಲ. ಚಿಕಿತ್ಸಾಸ್ಥಾನದಲ್ಲಿ ಅವನು ವರ್ಣಿಸುವ ಯಂತ್ರವೊಂದಿದೆ: ಲೋಹದಿಂದಲೋ ದಂತದಿಂದಲೋ ಕೊಂಬಿನಿಂದಲೋ ಮರದಿಂದಲೋ ಮಾಡಿದ್ದು, ಆಕಳ ಮೊಲೆಯ ಆಕಾರದ್ದು, ನಾಲ್ಕಂಗುಲ ಉದ್ದದ್ದು, ಸುತ್ತಳತೆ ಪುರುಷರಿಗೆ ಐದಂಗುಲ, ಸ್ತ್ರೀಯರಿಗೆ ಆರಂಗುಲ. ಅದಕ್ಕೆ ಎರಡು ರಂಧ್ರಗಳು. ಒಂದು ನೋಡುವುದಕ್ಕೆ, ಇನ್ನೊಂದು ಕ್ಷಾರವನ್ನೋ ಅಗ್ನಿಯನ್ನೋ ಪ್ರಯೋಗಿಸುವುದಕ್ಕೆ. ನೋಡುವುದಕ್ಕೆಂದೇ ಪ್ರತ್ಯೇಕವಾಗಿ ರಂಧ್ರವನ್ನು ಕೊರೆಸಿದ ಆಚಾರ್ಯನ ಹೆಸರನ್ನು ಹಿಡಿದುಕೊಂಡು ನೋಡಬಾರದೆಂದು ವಾದಿಸುವವರನ್ನು ಸಂಪ್ರದಾಯವಾದಿಗಳೆಂದು ಕರೆದರೆ ಸಂಪ್ರದಾಯಕ್ಕೆ ಅಪಚಾರ ಮಾಡಿದಂತೆ. ಇನ್ನೂ ಒಂದು ಸ್ವಾರಸ್ಯವುಂಟು. ಸುಶ್ರುತನ ಅರ್ಶಸ್ಸು ಇಂದಿನ ಪೈಲ್ಸಿಗಿಂತ ವಿಶಾಲವಾದ ಪದ. ಮೂಗಿನಲ್ಲಿ, ಕಿವಿಯಲ್ಲಿ ಮೊಳೆಯುವ ಮಾಂಸಾಂಕುರಗಳಿಗೂ ಅವನು ಅದನ್ನೇ ಬಳಸುತ್ತಾನೆ. ನಾಲ್ಕಂಗುಲದಾಚೆಗೆ ಕಾಣದಿದ್ದ ಕಾಲದಲ್ಲಿ ವಿಶಾಲವಾದ ಹೆಸರಿಡುವುದು ಪ್ರಾಮಾಣಿಕತೆ. ಒಂದೂವರೆ ಮೀಟರು ಕಾಣುವ ಕಾಲದಲ್ಲಿ ಕಣ್ಣು ಮುಚ್ಚಿಕೊಂಡು ಕಿರಿದಾದ ಹೆಸರಿಡುವುದಕ್ಕೆ ಏನೆನ್ನೋಣ?

ಆ ನಾಲ್ಕಂಗುಲವು ಒಂದೂವರೆ ಮೀಟರಾದ ಕಥೆಯಲ್ಲಿಯೂ ನಮ್ಮವನೊಬ್ಬನ ಕೈ ಇದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸನೊಡನೆ ಕೂಡಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಬೆಳಕನ್ನೂ ಬಿಂಬವನ್ನೂ ಬಾಗಿಸಿ ಸಾಗಿಸಬಹುದೆಂಬುದನ್ನು 1954ರಲ್ಲಿ ಪ್ರಕಟಿಸಿದನು. ಬಾಗುವ ಬೆಳಕು ಸಿಕ್ಕಿದ ಮೇಲೆ ಬಾಗುವ ಕರುಳಿನೊಳಗೆ ಹೋಗುವುದು ಸಾಧ್ಯವಾಯಿತು. 1969ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಎಂಬ ವೈದ್ಯರು ಇಡೀ ದೊಡ್ಡ ಕರುಳಿನೊಳಗೆ ದುರ್ಬೀನು ನಡೆಸುವುದಷ್ಟೇ ಅಲ್ಲದೆ, ಅದರ ತುದಿಯಿಂದ ಕುಣಿಕೆಯೊಂದನ್ನು ಹಾಯಿಸಿ, ಕಂಡ ಪಾಲಿಪನ್ನು ಹೊಟ್ಟೆ ಕೊಯ್ಯದೆಯೇ ತೆಗೆದರು. ನೋಡುವ ರಂಧ್ರ ಒಂದು, ಅಗ್ನಿಕರ್ಮದ ರಂಧ್ರ ಇನ್ನೊಂದು. ಸುಶ್ರುತನು ಎದ್ದು ಬಂದರೆ ಬೆಚ್ಚಿಬೀಳುವನೆಂದು ನನಗೆ ತೋರುವುದಿಲ್ಲ. ಉದ್ದ ಎಷ್ಟೆಂದು ಕೇಳಿಯಾನು.

ಎರಡನೆಯ ಪಂಗಡದವರು ಇದಕ್ಕಿಂತ ನಾಗರಿಕರು. ಇದೆಲ್ಲ ಮಾಂಸ ತಿನ್ನುವ ಬಿಳಿಯರ ರೋಗ, ರಾಗಿಮುದ್ದೆ ಸೊಪ್ಪಿನ ಸಾರು ಉಣ್ಣುವ ನಮಗೇಕೆ ಬಂದೀತು, ಎಂಬುದು ಅವರ ಪ್ರಶ್ನೆ. ಈ ವಾದದಲ್ಲಿ ಸತ್ಯದ ಅಂಶವಿಲ್ಲದೆ ಇಲ್ಲ. ಯೂರೋಪು ಅಮೆರಿಕಗಳಲ್ಲಿ ಐವತ್ತು ದಾಟಿದ ನಾಲ್ವರಲ್ಲಿ ಒಬ್ಬರಿಗಾದರೂ ಅಡೆನೋಮಾ ಇರುತ್ತದೆ, ನಮ್ಮಲ್ಲಿ ಅಷ್ಟಿಲ್ಲ. ಕರುಳಿನ ಕ್ಯಾನ್ಸರಿನ ಪ್ರಮಾಣವೂ ಭಾರತದಲ್ಲಿ ಅಲ್ಲಿಯದಕ್ಕಿಂತ ಹಲವು ಪಟ್ಟು ಕಡಿಮೆ. ಉಗಾಂಡಾದಲ್ಲಿ ಬಹುಕಾಲ ಶಸ್ತ್ರವೈದ್ಯನಾಗಿದ್ದ ಡೆನಿಸ್ ಬರ್ಕಿಟ್, ಆಫ್ರಿಕದವರ ನಾರುಭರಿತ ಆಹಾರವೇ ಅವರನ್ನು ಈ ರೋಗದಿಂದ ಕಾಪಾಡುತ್ತಿದೆಯೆಂದು 1971ರಲ್ಲಿ ಮಂಡಿಸಿದ ಮತವೂ ಗೌರವಾರ್ಹವಾದುದೇ. ಆದರೆ ಮತವನ್ನು ಒರೆಗೆ ಹಚ್ಚಿದಾಗ ಏನಾಯಿತು? ಅಮೆರಿಕದಲ್ಲಿ, ಒಮ್ಮೆ ಪಾಲಿಪ್ ತೆಗೆಸಿಕೊಂಡಿದ್ದ 2,079 ಜನರನ್ನು ಎರಡು ಗುಂಪಾಗಿ ವಿಭಾಗಿಸಿ, ಒಂದು ಗುಂಪಿಗೆ ಕೊಬ್ಬು ಕಡಿಮೆಯಿರುವ, ನಾರು ಹಣ್ಣು ತರಕಾರಿ ಹೆಚ್ಚಿರುವ ಆಹಾರವನ್ನು ನಾಲ್ಕು ವರ್ಷ ಉಣಿಸಿದರು. 2000ದಲ್ಲಿ ಫಲಿತಾಂಶ ಹೊರಬಿತ್ತು. ಪಥ್ಯದವರಲ್ಲಿ ನೂರಕ್ಕೆ 39.7 ಜನರಿಗೆ ಪಾಲಿಪ್ ಮರಳಿ ಬಂದಿತ್ತು. ಪಥ್ಯವಿಲ್ಲದವರಲ್ಲಿ ನೂರಕ್ಕೆ 39.5. ನಾಲ್ಕು ವರ್ಷ ಅಲ್ಪಾವಧಿಯೆಂದು ವಾದಿಸಬಹುದು. ಸೊಪ್ಪು ತಿನ್ನಬೇಡಿರೆಂದು ನಾನಂತೂ ಹೇಳಲಾರೆ. ಒಂದು ಸಲ ರಕ್ತ ಕಂಡ ಮೇಲೂ ರಾಗಿಯ ಮೇಲೆ ಭಾರ ಹಾಕಿ ನಿದ್ರಿಸುವುದಕ್ಕೆ ಈ ಅಂಕಿಗಳು ಅನುಮತಿ ಕೊಡುವುದಿಲ್ಲ, ಅಷ್ಟೆ.

ರೋಗಕ್ಕೆ ರಾಷ್ಟ್ರೀಯತೆಯನ್ನು ಕಟ್ಟುವವರು ಜಪಾನೀಯರ ಚರಿತ್ರೆಯನ್ನು ಓದಬೇಕು. ಒಂದಾನೊಂದು ಕಾಲದಲ್ಲಿ ಅವರಲ್ಲಿಯೂ ಕರುಳಿನ ಕ್ಯಾನ್ಸರು ಅಪರೂಪವಾಗಿದ್ದಿತು. ಹವಾಯಿಗೂ ಅಮೆರಿಕಕ್ಕೂ ವಲಸೆ ಹೋದ ಜಪಾನೀಯರಲ್ಲಿ ಒಂದೆರಡು ತಲೆಮಾರುಗಳೊಳಗೇ ಅದು ಅಲ್ಲಿಯ ಬಿಳಿಯರ ಮಟ್ಟಕ್ಕೆ ಏರಿತು, ಆಮೇಲೆ ಸ್ವದೇಶದಲ್ಲಿ ಉಳಿದವರಲ್ಲಿಯೂ ಏರಿತು. ರಕ್ತ ಅದೇ, ವಂಶ ಅದೇ, ಬಾಳುವೆ ಬದಲಾಯಿತು. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಹಗಲಿರುಳು ಕುಳಿತು, ರಾತ್ರಿ ಹನ್ನೊಂದಕ್ಕೆ ಕರಿದ ಕೋಳಿಯನ್ನು ಮನೆಬಾಗಿಲಿಗೆ ತರಿಸಿ ತಿನ್ನುವ ನಮ್ಮ ಮಕ್ಕಳು ತಾತನ ರಾಗಿಮುದ್ದೆಯ ಪುಣ್ಯವನ್ನು ಎಷ್ಟು ಕಾಲ ಬಡ್ಡಿಯಲ್ಲಿ ಉಂಡಾರು? ಪ್ರಮಾಣ ಕಡಿಮೆಯೆಂದ ಮಾತ್ರಕ್ಕೆ ಸಂಖ್ಯೆಯೂ ಕಡಿಮೆಯಲ್ಲ: ಭಾರತದಲ್ಲಿ ವರ್ಷಕ್ಕೆ 60 ಸಾವಿರಕ್ಕೂ ಮಿಕ್ಕಿ ಜನರಿಗೆ ಹೊಸದಾಗಿ ಕರುಳಿನ ಕ್ಯಾನ್ಸರ್ ತಗಲುತ್ತಿದೆ. ಅವರಲ್ಲಿ ಐವತ್ತನ್ನು ಮುಟ್ಟದವರು ಪಾಶ್ಚಾತ್ಯರಲ್ಲಿರುವುದಕ್ಕಿಂತ ಹೆಚ್ಚಿನ ಪಾಲು. ಗುದನಾಳದಲ್ಲಿಯೇ, ಎಂದರೆ ಮೂಲವ್ಯಾಧಿಯ ನೆರೆಮನೆಯಲ್ಲಿಯೇ, ಗಂಟು ಕಾಣಿಸಿಕೊಂಡವರೂ ಬಹಳ. 'ವಿಲಾಯಿತಿಯ ರೋಗ'ವೆಂಬ ಬಿರುದು ಅವರಾರನ್ನೂ ಉಳಿಸಲಿಲ್ಲ.

ಮೂರನೆಯ ಪಂಗಡದವರು ವಿದ್ವಾಂಸರು. ಅವರಿಗೆ ಉತ್ತರ ಕೊಡುವಾಗ ನಾನೂ ಎಚ್ಚರಿಕೆಯಿಂದಿರಬೇಕು. ಪಾಲಿಪುಗಳಲ್ಲಿ ಹೆಚ್ಚಿನವು ಎಂದಿಗೂ ಕ್ಯಾನ್ಸರ್ ಆಗುವುದಿಲ್ಲ, ಆಗದ್ದನ್ನೆಲ್ಲ ಹುಡುಕಿ ತೆಗೆಯುವುದು ಆಸ್ಪತ್ರೆಗಳ ವ್ಯಾಪಾರ, ಎಂದು ಅವರು ಹೇಳುತ್ತಾರೆ. ಮೊದಲರ್ಧ ನಿಜ. ಎರಡನೆಯ ಅರ್ಧದಲ್ಲಿಯೂ ನಮ್ಮ ಕಾಲದ ಕೆಲವು ಆಸ್ಪತ್ರೆಗಳ ನಡವಳಿಕೆಯನ್ನು ನೋಡಿದರೆ ಸುಳ್ಳೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. ಐದು ಮಿಲಿಮೀಟರಿಗಿಂತ ಸಣ್ಣವು ಬಹುತೇಕ ಸಾಧುಗಳೇ. ಆದರೆ ದೊಡ್ಡವನ್ನು ತೆಗೆಯದೆ ಬಿಟ್ಟರೆ ಏನಾಗುವುದೆಂಬುದಕ್ಕೂ ಲೆಕ್ಕವಿದೆ. ಕೊಲೊನೋಸ್ಕೋಪಿ ಎಂಬ ಈ ದುರ್ಬೀನಿನ ಪರೀಕ್ಷೆ ಬರುವುದಕ್ಕೆ ಮುನ್ನ, ಒಂದು ಸೆಂಟಿಮೀಟರಿಗಿಂತ ದೊಡ್ಡ ಪಾಲಿಪ್ ಎಕ್ಸ್‌-ರೇಯಲ್ಲಿ ಕಂಡೂ ತೆಗೆಸಿಕೊಳ್ಳದೆ ಉಳಿದಿದ್ದ 226 ರೋಗಿಗಳ ದಾಖಲೆಗಳನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನವರು 1987ರಲ್ಲಿ ಪ್ರಕಟಿಸಿದರು: ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಐದು ವರ್ಷಕ್ಕೆ ನೂರಕ್ಕೆ ಎರಡೂವರೆ, ಹತ್ತು ವರ್ಷಕ್ಕೆ ಎಂಟು, ಇಪ್ಪತ್ತು ವರ್ಷಕ್ಕೆ ಇಪ್ಪತ್ತನಾಲ್ಕು. ತೆಗೆದವರ ಲೆಕ್ಕವನ್ನು ಸಿಡ್ನಿ ವಿನಾವರ್ ಮತ್ತು ಸಂಗಡಿಗರು 1993ರಲ್ಲಿ ಕೊಟ್ಟರು. 1,418 ಜನರನ್ನು ವರ್ಷಗಟ್ಟಲೆ ಅನುಸರಿಸಿ ನೋಡಿದಾಗ, ನಿರೀಕ್ಷಿಸಬಹುದಾಗಿದ್ದ ಕ್ಯಾನ್ಸರುಗಳಲ್ಲಿ ನೂರಕ್ಕೆ 76ರಿಂದ 90ರಷ್ಟು ಹುಟ್ಟಲೇ ಇಲ್ಲ.

ಈ ವಿದ್ವಾಂಸರ ಬತ್ತಳಿಕೆಯಲ್ಲಿರುವ ತೀಕ್ಷ್ಣವಾದ ಬಾಣ 2022ರದು. ನಾರ್ವೆ, ಪೋಲೆಂಡ್, ಸ್ವೀಡನ್ನುಗಳಲ್ಲಿ ರೋಗಲಕ್ಷಣವೇ ಇಲ್ಲದ ಸಾವಿರಾರು ಜನರನ್ನು ಕೊಲೊನೋಸ್ಕೋಪಿಗೆ ಆಹ್ವಾನಿಸಿ, ಆಹ್ವಾನವಿಲ್ಲದವರೊಡನೆ ಹೋಲಿಸಿದಾಗ, ಹತ್ತು ವರ್ಷಗಳಲ್ಲಿ ಕ್ಯಾನ್ಸರ್ ಬಂದವರು ನೂರಕ್ಕೆ 1.20ರಿಂದ 0.98ಕ್ಕೆ ಇಳಿದರು; ಮರಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ಎತ್ತಿ ತೋರಿಸಿ, ನೋಡಿದಿರಾ, ಪರೀಕ್ಷೆಯಿಂದ ಪ್ರಯೋಜನವಿಲ್ಲ, ಎಂದರೆ ಮೂರು ಸಂಗತಿಗಳನ್ನು ನುಂಗಿದಂತಾಗುತ್ತದೆ. ಆಹ್ವಾನಿತರಲ್ಲಿ ನೂರಕ್ಕೆ 42 ಜನ ಮಾತ್ರ ಬಂದರು. ಊಟಕ್ಕೆ ಕರೆದೆ, ಬಾರದವರ ಹಸಿವೂ ಹಿಂಗಲಿಲ್ಲ, ಆದಕಾರಣ ಅನ್ನದಲ್ಲಿ ಸತ್ತ್ವವಿಲ್ಲ ಎಂಬ ತರ್ಕ ಅದು. ಹತ್ತು ವರ್ಷ ನಡೆದು ಬರುವ ರೋಗದ ಸಾವುಗಳನ್ನು ಹತ್ತು ವರ್ಷದೊಳಗೇ ಎಣಿಸುವುದು ಅವಸರ. ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ: ಆ ಪ್ರಯೋಗ ನಡೆದದ್ದು ಆರೋಗ್ಯವಂತರ ಮೇಲೆ. ಊರಿಗೆ ಊರನ್ನೇ ಸಾಲು ನಿಲ್ಲಿಸಿ ದುರ್ಬೀನು ಹಾಕಿರೆಂದು ನಾನು ಕೇಳುತ್ತಿಲ್ಲ; ರೋಗದ ಪ್ರಮಾಣ ಕಡಿಮೆಯಿರುವ, ವೈದ್ಯರೂ ಹಣವೂ ಸಾಲದ ನಮ್ಮ ದೇಶದಲ್ಲಿ ಅದು ವಿವೇಕವೂ ಅಲ್ಲ. ಬಾಯಿ, ಸ್ತನ, ಗರ್ಭಕಂಠಗಳ ಕ್ಯಾನ್ಸರನ್ನು ಹುಡುಕುವುದಕ್ಕೆ ಸರಕಾರವು ಮೊದಲ ಸ್ಥಾನ ಕೊಟ್ಟು ಕರುಳನ್ನು ಹೊರಗಿಟ್ಟದ್ದರಲ್ಲಿ ನನಗೆ ತಕರಾರಿಲ್ಲ. ನನ್ನ ಜಗಳವೆಲ್ಲ ರಕ್ತ ಕಂಡವನ ವಿಷಯದಲ್ಲಿ. ಅವನನ್ನೂ ನೋಡದೆ ಕಳಿಸುವುದಕ್ಕೆ ಸ್ವೀಡನ್ನಿನ ಯಾವ ಲೆಕ್ಕವೂ ಆಧಾರವಾಗಲಾರದು.

ಪರೀಕ್ಷೆಯಲ್ಲಿ ಅಪಾಯವೇ ಇಲ್ಲವೆಂದೂ ನಾನು ಹೇಳೆ. ಕರುಳು ತೂತಾಗುವುದುಂಟು, ಸಾವಿರ ಪರೀಕ್ಷೆಗೆ ಒಂದಕ್ಕಿಂತಲೂ ಕಡಿಮೆ. ಹಿಂದಿನ ದಿನ ಲೀಟರುಗಟ್ಟಲೆ ಉಪ್ಪುಪ್ಪಾದ ಔಷಧದ ನೀರನ್ನು ಕುಡಿದು ರಾತ್ರಿಯೆಲ್ಲ ಪಾಯಖಾನೆಗೂ ಹಾಸಿಗೆಗೂ ಓಡಾಡುವ ಸಂಕಟ ಇದ್ದೇ ಇದೆ, ಅನುಭವದಿಂದ ಹೇಳುತ್ತಿದ್ದೇನೆ. ಮಾವನ ಚಿತೆಯನ್ನು ಕಂಡು ಬಂದ ನಾನೂ, ನನಗೆ ರಕ್ತ ಕಾಣಿಸಿದಾಗ, ಆರು ತಿಂಗಳು ಮೂಲವ್ಯಾಧಿಯೆಂದೇ ಹೇಳಿಕೊಂಡೆ. ಕಡೆಗೆ ಸಿಕ್ಕಿದ್ದು ಹನ್ನೆರಡು ಮಿಲಿಮೀಟರಿನ ಅಡೆನೋಮಾ. ತೆಗೆದರು, ಮನೆಗೆ ಬಂದೆ, ಸಂಜೆ ಮೊಸರನ್ನ ಉಂಡೆ. ಖಂಡಿಸಬೇಕಾದ ಮತವು ಖಂಡಿಸುವವನ ಒಳಗೇ ಎಷ್ಟು ಆಳವಾಗಿ ಬೇರೂರಿರುತ್ತದೆಂಬುದಕ್ಕೆ ಇದನ್ನು ಹೇಳಿದೆ. ಅಜ್ಞಾನವೊಂದೇ ಕಾರಣವಾಗಿದ್ದರೆ ನಾನು ಆರು ತಿಂಗಳು ಸುಮ್ಮನಿರುತ್ತಿರಲಿಲ್ಲ.

ಆ ಇನ್ನೊಂದು ಕಾರಣ ಲಜ್ಜೆ. ಮೂಲವ್ಯಾಧಿಯೆಂಬ ಪದವು ರೋಗದ ಹೆಸರಾಗಿರುವುದಕ್ಕಿಂತ ಹೆಚ್ಚಾಗಿ ಒಂದು ಪರದೆಯಾಗಿದೆ. ಅದನ್ನು ಉಚ್ಚರಿಸಿದೊಡನೆ ಮಾತು ಮುಗಿಯುತ್ತದೆ. ಬಟ್ಟೆ ಸಡಿಲಿಸಬೇಕಾಗಿಲ್ಲ, ಪಕ್ಕಕ್ಕೆ ಮಗ್ಗುಲಾಗಿ ಮಂಡಿ ಮಡಿಸಿ ಮಲಗಬೇಕಾಗಿಲ್ಲ, ವೈದ್ಯನೂ ಕೈಗವಸು ಹುಡುಕಬೇಕಾಗಿಲ್ಲ. ಹೆಂಗಸರ ಪಾಡು ಇನ್ನೂ ಕಷ್ಟ. ಗಂಡನಿಗೂ ಹೇಳದೆ, ಮುಟ್ಟಿನ ರಕ್ತವೋ ಬೇರೆಯೋ ಎಂಬ ಸಂದೇಹದಲ್ಲಿಯೇ ವರ್ಷ ಕಳೆದವರುಂಟು. ರೋಗಿಯ ಲಜ್ಜೆಯನ್ನು ನಾನು ಕ್ಷಮಿಸಬಲ್ಲೆ. ಬಿಳಿಯ ಕೋಟು ತೊಟ್ಟವರ ಲಜ್ಜೆಯನ್ನಾಗಲಿ ಸೋಮಾರಿತನವನ್ನಾಗಲಿ ಕ್ಷಮಿಸಲಾರೆ. ಬೆರಳಿಗೆ ಬೆಲೆಯಿಲ್ಲ, ಕೈಗವಸಿಗೆ ಹತ್ತು ರೂಪಾಯಿಯೂ ಆಗದು. ಗುದನಾಳದ ಗಂಟುಗಳಲ್ಲಿ ಒಳ್ಳೆಯ ಪಾಲು ಅಷ್ಟಕ್ಕೇ ಸಿಕ್ಕಿಬಿಡುತ್ತದೆ. ಅದಕ್ಕೂ ಮೇಲೆ ಮಲದಲ್ಲಿ ಅಡಗಿದ ರಕ್ತವನ್ನು ಪತ್ತೆಹಚ್ಚುವ ಅಗ್ಗದ ಪರೀಕ್ಷೆಯುಂಟು. ಅಮೆರಿಕದ ಮಿನೆಸೋಟಾದಲ್ಲಿ 46 ಸಾವಿರ ಜನರನ್ನು ಗುಂಪುಗಳಾಗಿ ವಿಂಗಡಿಸಿ ನೋಡಿದಾಗ, ವರ್ಷಕ್ಕೊಮ್ಮೆ ಅದಕ್ಕೆ ಒಳಗಾದ ಗುಂಪಿನಲ್ಲಿ ಕರುಳಿನ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲು ತಗ್ಗಿತೆಂದು 1993ರಲ್ಲೇ ತಿಳಿದುಬಂದಿದೆ. ಜಪಾನು ಅದನ್ನು 1992ರಿಂದಲೇ ತನ್ನ ಪ್ರಜೆಗಳಿಗೆ ಒದಗಿಸುತ್ತಿದೆ.

ಹಾಗೆಂದು ನಿರ್ಲಕ್ಷ್ಯವು ಬಡವರ ಸೊತ್ತೆಂದು ತಿಳಿಯಬಾರದು. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ನರಿಗೆ 1984ರ ಮೇ ತಿಂಗಳಲ್ಲಿಯೇ ಒಂದು ಸಣ್ಣ ಪಾಲಿಪ್ ಕಂಡಿದ್ದರೂ, ಇಡೀ ಕರುಳನ್ನು ನೋಡಿದ್ದು 1985ರ ಜುಲೈಯಲ್ಲಿ. ಆಗ ಬಲಗಡೆಯ ಮೂಲೆಯಲ್ಲಿ ದೊಡ್ಡದೊಂದು ಗಂಟು ಸಿಕ್ಕಿ, ಅದರೊಳಗೆ ಕ್ಯಾನ್ಸರ್ ಮೊಳೆತಿದ್ದಿತು. ಶಸ್ತ್ರಕ್ರಿಯೆಯಾದ ಮೇಲೆ ಅವರು ಹತ್ತೊಂಬತ್ತು ವರ್ಷ ಬದುಕಿದರು.

ಮಕ್ಕಳ ವಿಷಯದಲ್ಲಿಯೂ ಒಂದು ಮಾತು. ನಾಲ್ಕೈದು ವರ್ಷದ ಮಗುವಿಗೆ ನೋವಿಲ್ಲದೆ ರಕ್ತ ಬಿದ್ದರೆ ಅದಕ್ಕೂ ಮೂಲವ್ಯಾಧಿಯೆನ್ನುವ ಧೀರರನ್ನು ಕಂಡಿದ್ದೇನೆ. ಆ ವಯಸ್ಸಿನಲ್ಲಿ ಮೂಲವ್ಯಾಧಿ ಬಲು ವಿರಳ; ಜುವೆನೈಲ್ ಪಾಲಿಪ್ ಎಂಬ ಒಂಟಿ ಗಂಟು ಸಾಮಾನ್ಯ. ಅದು ಬಹುಮಟ್ಟಿಗೆ ಸಾಧುವಾದುದು, ಒಮ್ಮೆ ತೆಗೆದರೆ ಮುಗಿಯಿತು. ಕುಟುಂಬದಲ್ಲಿ ಹರಿಯುವ ಪಾಲಿಪುಗಳ ಕಥೆ ಮಾತ್ರ ದಾರುಣ. ಎಪಿಸಿ ವಂಶವಾಹಿಯ ದೋಷವನ್ನು ಹೊತ್ತು ಹುಟ್ಟಿದವರ ಕರುಳಿನಲ್ಲಿ ಹರೆಯದಲ್ಲಿಯೇ ನೂರಾರು, ಸಾವಿರಾರು ಪಾಲಿಪುಗಳು ಎದ್ದು, ಸುಮ್ಮನೆ ಬಿಟ್ಟರೆ ನಲವತ್ತರ ಸುಮಾರಿಗೆ ಕ್ಯಾನ್ಸರ್ ಹೆಚ್ಚುಕಡಿಮೆ ನಿಶ್ಚಯ. 1895ರಲ್ಲಿ ಅಮೆರಿಕದ ಆನ್ ಆರ್ಬರಿನಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯನಿಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ನಮ್ಮ ಮನೆತನದವರೆಲ್ಲ ಕ್ಯಾನ್ಸರಿನಿಂದಲೇ ಹೋಗುತ್ತಾರೆ, ನಾನೂ ಹಾಗೆಯೇ ಹೋಗುತ್ತೇನೆ, ಎಂದು ಹೇಳಿದ್ದಳಂತೆ, ಹಾಗೆಯೇ ಹೋದಳು. ಅವನು ಅವಳ ಮಾತನ್ನು ಅಳುವೆಂದು ತಳ್ಳಿಹಾಕದೆ ಆ ಮನೆತನದ ವಂಶವೃಕ್ಷವನ್ನು ಬರೆಯತೊಡಗಿದನು. ಇಂದು ಲಿಂಚ್ ಸಿಂಡ್ರೋಮ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಇನ್ನೊಂದು ಆನುವಂಶಿಕ ರೋಗದ ತಿಳಿವಳಿಕೆ ಅಲ್ಲಿಂದ ಮೊದಲಾಯಿತು. ಒಬ್ಬಳು ಹೇಳಿದಳು, ಒಬ್ಬನು ಬರೆದುಕೊಂಡನು. ನಮ್ಮ ಮನೆಗಳಲ್ಲಿ ಶ್ರಾದ್ಧದ ತಿಥಿ ಮೂರು ತಲೆಮಾರಿನದು ಬಾಯಿಪಾಠವಿರುತ್ತದೆ. ಯಾವುದರಿಂದ ಹೋದರೆಂಬುದನ್ನು ಕೇಳಿದರೆ "ಹೊಟ್ಟೆನೋವು" ಎನ್ನುತ್ತಾರೆ.

ಅದರಿಂದಲೇ ಮಾವನ ಮಗನ ಬೆನ್ನು ಹತ್ತಿದೆ. ತಂದೆಗೆ ಬಂದಿದ್ದರೆ ಮಕ್ಕಳಿಗೆ ಅಪಾಯ ಹೆಚ್ಚು. ನಲವತ್ತಕ್ಕೇ ನೋಡಿಸಿಕೊಳ್ಳುವುದು ಒಳ್ಳೆಯದೆಂದು ತಿಳಿದವರು ಹೇಳುತ್ತಾರೆ. ಅವನಿಗೆ ನಲವತ್ತಮೂರು. ಎರಡು ವರ್ಷ "ನೋಡೋಣ ಭಾವ, ಕೊಯ್ಲು ಮುಗೀಲಿ" ಎಂದ. ಕೊಯ್ಲಾದ ಮೇಲೆ ಮದುವೆಗಳು, ಮದುವೆಗಳಾದ ಮೇಲೆ ಔಷಧಿ ಹೊಡೆಯುವ ಕಾಲ. ಕಡೆಗೆ ಈ ಮಾಘದಲ್ಲಿ ಹೋಗಿ ಬಂದ. ವರದಿಯನ್ನು ಹಿಡಿದು ಜಗಲಿಯ ಮೇಲೆ ಕುಳಿತು ಓದಿದೆವು. ಗುದದ್ವಾರದ ಬಳಿ ಮೊದಲ ಹಂತದ ಮೂಲವ್ಯಾಧಿ ಇದೆ, ಚಿಕಿತ್ಸೆ ಅನಾವಶ್ಯಕ, ಎಂಬುದು ಒಂದು ಸಾಲು. ಅಲ್ಲಿಂದ ನಲವತ್ತು ಸೆಂಟಿಮೀಟರು ಮೇಲೆ ಎಂಟು ಮಿಲಿಮೀಟರಿನ ಪಾಲಿಪ್ ಇತ್ತು, ಕುಣಿಕೆ ಹಾಕಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದೆ, ಮೂರು ವರ್ಷಕ್ಕೆ ಮತ್ತೆ ಬರತಕ್ಕದ್ದು, ಎಂಬುದು ಇನ್ನೊಂದು. ಒಳಗಿನಿಂದ ಲೋಟದಲ್ಲಿ ಮಜ್ಜಿಗೆ ತಂದ ಅತ್ತೆ, ನಾವು ಓದಿದ ಮೊದಲ ಸಾಲನ್ನಷ್ಟೇ ಕೇಳಿ, ಮುಖವರಳಿಸಿ ನಿಂತರು.

"ನಾನು ಹೇಳಲಿಲ್ಲವೇನೋ," ಎಂದರು, "ಮೂಲವ್ಯಾಧಿಯೇ ಅಂತ!"